ಬಾಲಕ್ಕೆ ಅಂಟಿದ ಹಸಿರು

ತಪ್ಪು ನನ್ನದೇ ಇರಬಹುದೆಂಬ ಅನುಮಾನ ನನಗೆ ಬರುವುದು ಎಲ್ಲರಿಗಿಂತ ಕೊನೆಯಲ್ಲಿ. ಸಾರು ಕೆಟ್ಟರೆ ಬೇಳೆಯನ್ನು ಬೈಯುತ್ತೇನೆ, ಬಸ್ಸು ತಪ್ಪಿದರೆ ಗಡಿಯಾರವನ್ನು. ಹೀಗಿರುವ ನಾನು ಮೈಸೂರಿನ ಒಂದು ಲ್ಯಾಬಿನಲ್ಲಿ ಸಂಶೋಧನೆಗೆ ಸೇರಿದ್ದೇ ಒಂದು ತಮಾಷೆ.

ನನ್ನ ಕೆಲಸ, ರೋಗಾಣುಗಳನ್ನು ಹಿಡಿಯುವ ಪ್ರತಿಕಾಯದ ಒಂದು ತುಣುಕಿಗೆ ಹೊಳೆಯುವ ಬಣ್ಣ ಅಂಟಿಸುವುದು. ತುಣುಕು ಎಲ್ಲಿ ಹೋಗಿ ಕಚ್ಚಿತೆಂದು ಆಮೇಲೆ ಬಣ್ಣ ನೋಡಿ ತಿಳಿಯಬಹುದು. ಬರೀ ರಾಸಾಯನಿಕದಿಂದ ಅಂಟಿಸಿದಾಗ ಬಣ್ಣ ಕಂಡಕಂಡಲ್ಲಿ ಮೆತ್ತಿಕೊಂಡು, ಕಚ್ಚಬೇಕಾದ ಬಾಯಿಯನ್ನೇ ಮುಚ್ಚಿಬಿಡುತ್ತಿತ್ತು. ಅದಕ್ಕೇ ನಮ್ಮ ಗೈಡ್ ಒಂದು ಕಿಣ್ವ ತರಿಸಿಕೊಟ್ಟರು. ತುಣುಕಿನ ಬಾಲ ಎಲ್ಲಿದೆಯೆಂದು ಗುರುತಿಸಿ ಅಲ್ಲಿ ಮಾತ್ರ ಬಣ್ಣ ಅಂಟಿಸುವ ಜಾಣ ಕಿಣ್ವ ಅದು. ನನ್ನ ಕೈಗೆ ಬಂದ ಮೇಲೆ ಮೂರು ಸಲ ಪ್ರಯೋಗ ಮಾಡಿದರೂ ಅದು ಏನನ್ನೂ ಅಂಟಿಸಲಿಲ್ಲ. ಇನ್ನು ಒಂದೇ ಪ್ರಯೋಗಕ್ಕಾಗುವಷ್ಟು ಉಳಿದಿತ್ತು. "ಇದೂ ಆಗ್ಲಿಲ್ಲಾಂದ್ರೆ ವಿಷಯ ಬದಲಾಯಿಸೋಣಮ್ಮ" ಎಂದರು ಗೈಡ್. ಎರಡು ವರ್ಷದ ಕೆಲಸ! ನನ್ನ ಕಣ್ಣು ಫ್ರೀಜರ್ ನೋಡಿಕೊಳ್ಳುತ್ತಿದ್ದ ಸಿದ್ದರಾಜು ಅವರ ಮೇಲೆ ಬಿತ್ತು.

"ನೀವು ಬಾಗಿಲು ತೆಗೆದಿಟ್ಟು ಕಿಣ್ವ ಕೆಡಿಸಿದ್ದೀರಿ" ಎಂದೆ, ಎಲ್ಲರೆದುರಿಗೇ.

"ನಾನೆಲ್ಲಿ ತೆಗೀಲಿ ಮೇಡಂ? ಬೀಗ ಹಾಕಿ ಕೀಲಿಕೈ ನೀವೇ ತಕೊಂಡೋಗ್ಬುಟ್ಟಿದ್ರಲ್ಲ!" ಎಂದರು. ನನ್ನಪ್ಪನ ವಯಸ್ಸಿನ ಮನುಷ್ಯ. ಅಂದಿನಿಂದ ನನ್ನೊಡನೆ ಮಾತು ಬಿಟ್ಟರು.

ಭಾನುವಾರ ಕೃಷ್ಣಮೂರ್ತಿಪುರಂನ ನಮ್ಮ ಮನೆಯಲ್ಲಿ ಊಟ ಮುಗಿದಿತ್ತು. ನಾನು ಮಡಿಸಿಕೊಟ್ಟ ಎಲೆಯಡಿಕೆ ಜಗಿಯುತ್ತಿದ್ದ ಮಾವನವರು ಕನ್ನಡಿಯಲ್ಲಿ ನಾಲಿಗೆ ನೋಡಿಕೊಂಡು, "ಏನಮ್ಮಾ, ಕೆಂಪೇ ಆಗ್ಲಿಲ್ವಲ್ಲ?" ಎಂದರು.

"ಅಡಿಕೆ ಹಳೇದಿರಬೇಕು" ಎಂದೆ.

ಅತ್ತೆ ನಕ್ಕರು. "ಸುಣ್ಣಾನೇ ಹಚ್ಚಿಲ್ಲ ಕಣೇ, ಇನ್ನೆಲ್ಲಿಂದ ಕೆಂಪಾಗುತ್ತೆ?"

ಸುಣ್ಣ! ಅಂದರೆ ಕ್ಯಾಲ್ಸಿಯಂ! ಅದಿಲ್ಲದೆ ನನ್ನ ಕಿಣ್ವ ಕೆಲಸವನ್ನೇ ಮಾಡುವುದಿಲ್ಲ! ಮೂರು ಸಲವೂ ನಾನು ಅದನ್ನು ಹಾಕಿರಲೇ ಇಲ್ಲ! "ಸುಣ್ಣ ಅತ್ತೆ, ಸುಣ್ಣ!" ಎಂದು ಕೂಗುತ್ತಾ ಸ್ಕೂಟರಿನ ಕೀಲಿ ಹುಡುಕಿದೆ. "ಇಲ್ಲೇ ಡಬ್ಬೀಲಿದೆ ಕಣಮ್ಮ, ಎಲ್ಲಿಗೆ ಹೋಗ್ತೀಯ?" ಎಂದು ಅತ್ತೆ ಗೇಟಿನವರೆಗೂ ಬಂದರು.

ಅಂದು ಲ್ಯಾಬಿನ ಡ್ಯೂಟಿಯಲ್ಲಿದ್ದವರು ಸಿದ್ದರಾಜು. ಮುಖ ತಿರುಗಿಸಿಕೊಂಡೇ ಬಾಗಿಲು ತೆಗೆದರು. ಕೊನೆಯ ಕಿಣ್ವ, ತುಣುಕು, ಬಣ್ಣ, ಈ ಸಲ ಕ್ಯಾಲ್ಸಿಯಂ. ಕಾಯುವಾಗ ಕುರ್ಚಿಯ ಮೇಲೆ ಕೂರಲಾಗಲಿಲ್ಲ. ಸಂಜೆ ಅದನ್ನು, ಗಾತ್ರಕ್ಕೆ ತಕ್ಕಂತೆ ಒಂದೊಂದನ್ನೂ ಬೇರ್ಪಡಿಸುವ ಜೆಲ್ಲಿನಲ್ಲಿ ಓಡಿಸಿ, ಅತಿನೇರಳೆ ದೀಪ ಹಾಕಿದೆ. ತುಣುಕು ಇರಬೇಕಾದ ಜಾಗದಲ್ಲೇ ಒಂದು ಹಸಿರು ಗೆರೆ, ಗಿಳಿಯ ರೆಕ್ಕೆಯಂತೆ! ಅಂಟಿತ್ತು! ನಾನು ಕಿರುಚಿದ್ದಕ್ಕೆ ಸಿದ್ದರಾಜು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡಿ ಬಂದರು.

"ತಪ್ಪು ನಂದೇ ಸಿದ್ದರಾಜು ಅವರೇ, ಕ್ಷಮಿಸಿ. ನಾಳೆ ಎಲ್ಲರೆದುರಿಗೂ ಹೇಳ್ತೀನಿ" ಎಂದು ಎಲ್ಲವನ್ನೂ ವಿವರಿಸಿದೆ. ಅವರು ಬಗ್ಗಿ ಆ ಗೆರೆಯನ್ನು ಬಹಳ ಹೊತ್ತು ನೋಡಿದರು.

"ಚೆನ್ನಾಗದೆ ಕಣ್ರೀ" ಎಂದರು ಕೊನೆಗೆ. "ಈ ಕ್ಯಾಲ್ಸಿಯಂ ಹಾಕ್ಬೇಕು ಅಂತ ಯಾರೂ ನಿಮಗೆ ಹೇಳೇ ಇರ್ಲಿಲ್ವಾ?"

"ಯಾರೂ ಸರಿಯಾಗಿ ಹೇಳ್ಕೊಡಲ್ಲ ನೋಡಿ" ಎನ್ನುತ್ತಾ, ಫಲಿತಾಂಶ ಬರೆದಿಡಲು ನನ್ನ ನೋಟ್‌ಬುಕ್ ತೆರೆದೆ. ಮೊದಲ ಪುಟದಲ್ಲೇ, ನನ್ನದೇ ಅಕ್ಷರದಲ್ಲಿ, ಕೆಂಪು ಶಾಯಿಯಲ್ಲಿ, ಕೆಳಗೆರಡು ಗೆರೆ ಎಳೆದು ಬರೆದಿತ್ತು: 'ಕ್ಯಾಲ್ಸಿಯಂ ಮರೆಯಬೇಡ.'

ಸಿದ್ದರಾಜು ಅದನ್ನು ಗಟ್ಟಿಯಾಗಿ ಓದಿದರು.