ಏಳನೇ ನಿಯಮ

ಹತ್ತು ಎಂಬ ಸಂಖ್ಯೆಯ ಮೇಲಿನ ಮೋಹವೇ ಯೋಹೇಯ್‌ಗೆ ಮುಳುವಾಯಿತು.

ಮನೆಗೆ ಬರುವ ಅತಿಥಿಗಳಿಗೆಂದು ನಿಯಮಗಳ ಹಾಳೆ ಬರೆಯಲು ಕೂತಾಗ ಒಂಬತ್ತು ಸಲೀಸಾಗಿ ಬಂದವು. ಶೌಚಾಲಯದ ಚಪ್ಪಲಿ ಮೆಟ್ಟಿಕೊಂಡು ಊಟಕ್ಕೆ ಬರಬಾರದು. ಕಲ್ಲಿನ ಮೆಟ್ಟಿಲ ಮೇಲೆ ಸೂಟ್‌ಕೇಸ್ ಉರುಳಿಸದೆ ಎತ್ತಿ ತರಬೇಕು. ಉರಿಯುವ ಕಸ ಬೇರೆ, ಉರಿಯದ ಕಸ ಬೇರೆ. ಇಂಥವೇ. ಆದರೆ ಒಂಬತ್ತನ್ನು ಗೋಡೆಗೆ ಅಂಟಿಸಿ ನೋಡಿದರೆ ಯಾಕೋ ಹಲ್ಲು ಬಿದ್ದ ಬಾಯಿಯಂತೆ ಕಂಡಿತು. ಹತ್ತಾಗಲೆಂದು, ಚಿಕ್ಕಂದಿನಲ್ಲಿ ಅತ್ತೆ ಹೇಳುತ್ತಿದ್ದ ಮಾತೊಂದನ್ನು ನಡುವೆ ತುರುಕಿದ: ‘ಯಾರಾದರೂ ತಿನ್ನಲು ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದು.’ ಅದು ಏಳನೆಯದಾಯಿತು. ಅವನೇ ಅದನ್ನು ಪಾಲಿಸಿ ಇಪ್ಪತ್ತು ವರ್ಷವಾಗಿತ್ತು. ಇಪ್ಪತ್ತು ವರ್ಷದಿಂದ ಯಾರೂ ಅವನಿಗೆ ಪಾತ್ರೆಯಲ್ಲಿ ಏನನ್ನೂ ಕೊಟ್ಟಿರಲಿಲ್ಲ.

ಒನೊಮಿಚಿಯ ಗುಡ್ಡದ ಮೇಲೆ, ಸಮುದ್ರಕ್ಕೆ ಮುಖ ಮಾಡಿದ ಓಣಿ ಅದು. ನೂರಾ ಮೂವತ್ತೆರಡು ಮೆಟ್ಟಿಲು ಹತ್ತಬೇಕು. ಕಾರು ಹಾಗಿರಲಿ, ಸೈಕಲ್ಲೂ ಬರುವುದಿಲ್ಲ. ಹದಿನಾಲ್ಕು ಮನೆಗಳಲ್ಲಿ ಎಂಟಕ್ಕೆ ಬೀಗ. ಅತ್ತೆ ಸತ್ತು ಮನೆ ತನ್ನ ಪಾಲಿಗೆ ಬಂದಾಗ ಯೋಹೇಯ್ ಒಸಾಕಾದ ಹೋಟೆಲಿನ ಕೆಲಸ ಬಿಟ್ಟು ಬಂದಿದ್ದ. ಹೊರದೇಶದ ಹುಡುಗ ಹುಡುಗಿಯರನ್ನು ಆರಾರು ಜನರಂತೆ ಕರೆತಂದು, ದೇವಸ್ಥಾನ ತೋರಿಸಿ, ಮೀನು ಹೆಚ್ಚುವುದು, ಸಾರು ಕಾಯಿಸುವುದು ಕಲಿಸಿ, ಮೂರು ರಾತ್ರಿ ಮನೆಯಲ್ಲೇ ಮಲಗಿಸಿ ಕಳಿಸುತ್ತಿದ್ದ. ಒಸಾಕಾದಲ್ಲಿ ಹನ್ನೊಂದು ವರ್ಷ ಗಾಜಿನ ಬಾಗಿಲ ಪಕ್ಕ ನಿಂತು ನಡು ಬಗ್ಗಿಸಿದವನಿಗೆ ಈ ಬದುಕು ನಿಜಕ್ಕೂ ಇಷ್ಟವಾಗಿತ್ತು. ಇದನ್ನು ಕಳೆದುಕೊಂಡರೆ ತಾನು ಏನೂ ಅಲ್ಲ ಎಂಬ ಭಯವೂ ಇತ್ತು.

ಆ ಭಯಕ್ಕೆ ಅಂದು ಭಾನುವಾರ ಸಂಜೆ ನಾಲ್ಕು ಗಂಟೆ ಎಂಬ ಹೆಸರಿತ್ತು. ಓಣಿಯ ಸಂಘದ ಸಭೆ. ಹೋದ ಏಪ್ರಿಲ್‌ನಲ್ಲಿ ಅತಿಥಿಗಳನ್ನು ಇರಿಸಿಕೊಳ್ಳಲು ಒಂದು ವರ್ಷದ ಮಟ್ಟಿಗೆ ಒಪ್ಪಿದ್ದರು. ಮುಂದುವರಿಸಬೇಕಾದರೆ ಮತ್ತೆ ಎಲ್ಲರೂ ಒಪ್ಪಬೇಕು. ಅಲ್ಲಿ ಕೈ ಎಣಿಸುವ ಪದ್ಧತಿಯಿಲ್ಲ. ಸಭೆಗೆ ಬಂದ ಮನೆಯವರೆಲ್ಲ ‘ಹೂಂ’ ಅನ್ನಬೇಕು. ಒಬ್ಬರು ತಲೆ ಓರೆ ಮಾಡಿದರೂ ಮುಗಿಯಿತು.

ತಲೆ ಓರೆ ಮಾಡುವುದರಲ್ಲಿ ಕೆಳಗಿನ ಮನೆಯ ನಿಶಿಗೋರಿಯಮ್ಮ ಎತ್ತಿದ ಕೈ. ಮೇಲಿನ ಮನೆಯ ಕಶಿಹಾರಾ ಅಜ್ಜಿ ‘ಹೂಂ’ ಅಂದಳೆಂದರೆ ಸಾಕು, ಈಕೆಯ ತಲೆ ತಾನಾಗಿ ವಾಲುತ್ತಿತ್ತು. ಈಕೆ ‘ಹೂಂ’ ಅಂದರೆ ಆಕೆಯದು. ಒಂಬತ್ತು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಹೀಗಾಗಿ ಓಣಿಯ ದೀಪ ರಿಪೇರಿಯಾಗಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಗಬೇಕಾದ ಅಧ್ಯಕ್ಷ ಮಿಯಾಜಿ ತಾತ, ಮಂಡಿನೋವು ಇಟ್ಟುಕೊಂಡು ಹನ್ನೊಂದನೇ ವರ್ಷವೂ ಕಸದ ಕಟ್ಟೆಯ ಬೀಗದಕೈ ಹಿಡಿದು ಓಡಾಡುತ್ತಿದ್ದ. ಹೋದ ವರ್ಷ ಯೋಹೇಯ್‌ನ ಒಪ್ಪಿಗೆ ಹೇಗೆ ಸಿಕ್ಕಿತೆಂದರೆ, ಅಂದು ನಿಶಿಗೋರಿಯಮ್ಮ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದಳು. ಈ ವರ್ಷ ಅವಳ ಹಲ್ಲುಗಳೆಲ್ಲ ನೆಟ್ಟಗಿದ್ದವು.

“ನೋಡಿ, ಇವತ್ತು ನಾಲ್ಕು ಗಂಟೆವರೆಗೂ ಈ ಮನೇಲಿ ಯಾರೂ ಇಲ್ವೇನೋ ಅನ್ನೋ ಹಾಗಿರಿ,” ಎಂದು ಬೆಳಿಗ್ಗೆ ಯೋಹೇಯ್ ಆರೂ ಅತಿಥಿಗಳನ್ನು ಕೇಳಿಕೊಂಡ, ಕೈಮುಗಿಯುವುದೊಂದು ಬಾಕಿ. “ಕೆಳಗೆ ಹೋಗಿ ಮೀನು ತರ್ತೀನಿ. ಬಂದ್ಮೇಲೆ ಅಡುಗೆ ಪಾಠ.”

ಬಾಗಿಲು ತೆಗೆದರೆ ಹೊಸ್ತಿಲಲ್ಲಿ ನೀಲಿ ಮೀನಿನ ಚಿತ್ರವಿದ್ದ ಬಟ್ಟಲು. ಒಳಗೆ ಬೇಯಿಸಿದ ಕಳಲೆ, ಇನ್ನೂ ಹಬೆಯಾಡುತ್ತಿತ್ತು. ಕಶಿಹಾರಾ ಅಜ್ಜಿಯದು, ಅವಳ ಹಿತ್ತಿಲ ಬಿದಿರಿನಲ್ಲಿ ಆ ವರ್ಷ ಕಳಲೆ ವಿಪರೀತ ಬಂದಿತ್ತು.

“ಬ್ರೈಡಿ, ಇದನ್ನ ಒಳಗಿಡು. ಎಲ್ಲರೂ ತಿನ್ನಿ,” ಎಂದು ಕೈಗಿತ್ತು ಅವನು ಮೆಟ್ಟಿಲಿಳಿದ.

ಅಲ್ಲೇ ಅವನು ಎಡವಿದ್ದು. ಬ್ರೈಡಿ ಆಸ್ಟ್ರೇಲಿಯಾದ ಹೋಬಾರ್ಟ್‌ನವಳು, ಕಾನೂನು ಓದುತ್ತಿದ್ದವಳು. ಉಳಿದ ಐವರು ನಿಯಮಗಳ ಹಾಳೆಯನ್ನು ಓದಿ ಮರೆತಿದ್ದರೆ, ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದಳು.

ಯೋಹೇಯ್ ಬುಟ್ಟಿಗಾಡಿಯಲ್ಲಿ ಮೀನು ಮಾರುವ ಹೆಂಗಸಿನ ಹತ್ತಿರ ಚೌಕಾಸಿ ಮಾಡಿ, ಏದುಸಿರು ಬಿಡುತ್ತ ಮೀನು ಹೊತ್ತು ವಾಪಸು ಬಂದಾಗ ಮೇಜಿನ ಮೇಲೆ ಅದೇ ನೀಲಿ ಬಟ್ಟಲಿತ್ತು. ಆದರೆ ಅದರಲ್ಲಿ ಆಕ್ಟೋಪಸ್ ಹಾಕಿದ ಅನ್ನವಿತ್ತು.

“ಕಳಲೆ ಎಲ್ಲಿ?”

“ತಿಂದ್ವಿ. ಬಟ್ಟಲು ತೊಳೆದು, ನಮ್ಮೂರಿನ ಚಾಕೊಲೇಟ್ ಬಿಸ್ಕತ್ತು ತುಂಬಿ ಅಜ್ಜಿಗೆ ಕೊಟ್ಟು ಬಂದೆ,” ಅಂದಳು ಬ್ರೈಡಿ. “ಏಳನೇ ನಿಯಮ. ಅಜ್ಜಿ ಹತ್ತು ನಿಮಿಷಕ್ಕೆ ಇದನ್ನ ತಂದುಕೊಟ್ರು.”

ಯೋಹೇಯ್ ಹಣೆ ಚಚ್ಚಿಕೊಂಡ. “ಅಯ್ಯೋ ಮಾರಾಯ್ತಿ, ಅದಕ್ಕೆ ಒಂದು ಚೂರು ಏನಾದ್ರೂ ಹಾಕಿದ್ರೆ ಸಾಕಿತ್ತು. ಒಂದು ಬೆಂಕಿಪೊಟ್ಟಣ ಇಡ್ತಿದ್ರು ನಮ್ಮತ್ತೆ! ಕಳಲೆಗೆ ಬಟ್ಟಲು ತುಂಬ ಬಿಸ್ಕತ್ತು ಕೊಟ್ರೆ ಅವರು ಸುಮ್ನಿರ್ತಾರಾ?”

“ಚೂರು ಅಂತ ನೀವು ಬರ್ದಿಲ್ಲ,” ಅಂದಳು ಬ್ರೈಡಿ, ಹಾಳೆ ಬಿಡಿಸುತ್ತ.

ಓಣಿಯೆಂದರೆ ಓಣಿ, ಬಟ್ಟಲು ಹತ್ತಿ ಇಳಿದಿದ್ದನ್ನು ಆರು ಕಿಟಕಿಗಳೂ ಕಂಡಿದ್ದವು. ಯೋಹೇಯ್ ಮೀನಿನ ಕಸ ಹಾಕಲು ಹೊರಬಂದರೆ ನಿಶಿಗೋರಿಯಮ್ಮ ಮೆಟ್ಟಿಲು ಗುಡಿಸುತ್ತಿದ್ದಳು. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದಳು.

“ಏನು ಯೋಹೇಯ್ ಅವರೇ, ನಿಮ್ಮ ಮಕ್ಕಳ ಕಣ್ಣಿಗೆ ಕೆಲವರ ಮನೆ ಬಾಗಿಲು ಮಾತ್ರ ಕಾಣುತ್ತೆ ಅಂತ ಕಾಣುತ್ತೆ. ಇರ್ಲಿ ಬಿಡಿ, ನಮ್ದು ಕೆಳಗಿನ ಮನೆ.”

ಅರ್ಧ ಗಂಟೆಯಲ್ಲಿ ಅವಳ ಬಿದಿರುಬುಟ್ಟಿ ಬಂತು, ತುಂಬ ಹಸ್ಸಾಕು ಕಿತ್ತಳೆ. ಇವರಿಬ್ಬರೂ ಕೊಟ್ಟ ಮೇಲೆ ಅಧ್ಯಕ್ಷನಾದವನು ಕೊಡದಿದ್ದರೆ ಮರ್ಯಾದೆ ಇರುತ್ತದೆಯೇ? ಮಿಯಾಜಿ ತಾತ ಕೈಯಲ್ಲೊಂದು ಮರದ ತಟ್ಟೆ ಹಿಡಿದು, ಮಂಡಿಯನ್ನು ಶಪಿಸುತ್ತ ಹತ್ತಿ ಬಂದ. ತಟ್ಟೆಯಲ್ಲಿ ಒಣಮೀನು. “ತಗೊಳ್ಳಪ್ಪಾ. ನಾನೊಬ್ಬನೇ ಇರೋನು, ಇದನ್ನ ಸುಟ್ರೆ ಬೆಕ್ಕುಗಳಿಗೇ ಜಾಸ್ತಿ ಹೋಗುತ್ತೆ,” ಅಂದ.

ಯೋಹೇಯ್ ಮೀನು ಹೆರೆಯುವ ಪಾಠದಲ್ಲಿ ಮುಳುಗಿದ್ದಾಗ ಬ್ರೈಡಿ ಒಲೆಯ ಇನ್ನೊಂದು ಪಕ್ಕ ತನ್ನೂರಿನ ಪುಟ್ಟ ಸಿಹಿ ದೋಸೆ ಹುಯ್ಯುತ್ತಿದ್ದಳು. ತೊಳೆದು ಒರಗಿಸಿದ್ದ ಬಟ್ಟಲು, ಬುಟ್ಟಿ, ತಟ್ಟೆ ಮೂರಕ್ಕೂ ದೋಸೆ ತುಂಬಿ, ಕ್ಯಾಲಮ್ ಎಂಬ ಉದ್ದನೆಯ ಹುಡುಗನನ್ನು ಜೊತೆಗೆ ಕರೆದುಕೊಂಡು ಹಂಚಿ ಬಂದಳು.

“ಪಾಪ, ನಿಶಿಗೋರಿಯಮ್ಮಂಗೆ ಎಷ್ಟು ಆಶ್ಚರ್ಯ ಆಯ್ತು ಅಂದ್ರೆ, ಬಟ್ಟಲು ಇಸ್ಕೊಂಡೋರು ಮಾತೇ ಆಡ್ಲಿಲ್ಲ,” ಅಂದಳು ಬಂದು.

ಯೋಹೇಯ್‌ನ ಕೈಯಲ್ಲಿದ್ದ ಚಾಕು ನಿಂತಿತು. “ಯಾವ ಬಟ್ಟಲು?”

“ನೀಲಿ ಮೀನಿಂದು.”

“ಅದು ಕಶಿಹಾರಾ ಅಜ್ಜೀದು!”

ಬ್ರೈಡಿ ಕ್ಯಾಲಮ್‌ನ ಮುಖ ನೋಡಿದಳು. “ನಾನು ಆಗ್ಲೇ ಹೇಳ್ದೆ,” ಅಂದ ಕ್ಯಾಲಮ್. ಬುಟ್ಟಿ ಮಿಯಾಜಿ ತಾತನಿಗೆ ಹೋಗಿತ್ತು. ತಾತನ ತಟ್ಟೆ ಅಜ್ಜಿಗೆ.

ಯೋಹೇಯ್ ನೆಲದ ಮೇಲೇ ಕೂತ. ಒಂಬತ್ತು ವರ್ಷದ ಹಿಂದೆ ಕಶಿಹಾರಾ ಅಜ್ಜಿ, ತನ್ನ ಮನೆಗೆ ಕತ್ತಲು ಕವಿಯುತ್ತದೆಂದು, ನಿಶಿಗೋರಿಯಮ್ಮನ ಕಾಕಿ ಹಣ್ಣಿನ ಮರದ ಕೊಂಬೆಯೊಂದನ್ನು ಕೇಳದೆ ಕಡಿಸಿದ್ದಳು. ಆಮೇಲೆ ಮನಸ್ಸು ತಡೆಯದೆ ಇದೇ ನೀಲಿ ಬಟ್ಟಲಿನಲ್ಲಿ ಕೆಂಪು ಕಾಳಿನ ಅನ್ನ ಕಳಿಸಿದ್ದಳು. ನಿಶಿಗೋರಿಯಮ್ಮ ಬಟ್ಟಲನ್ನು ತೊಳೆದು, ಒರೆಸಿ, ಬರಿದಾಗಿ ಹಿಂತಿರುಗಿಸಿದ್ದಳು. ಆ ಓಣಿಯಲ್ಲಿ ಅದಕ್ಕಿಂತ ಕಪಾಳಕ್ಕೆ ಹೊಡೆಯುವುದು ವಾಸಿ. ಅಂದಿನಿಂದ ಮಾತು ನಿಂತಿತು. ಅದನ್ನು ನೋಡಿ ಉಳಿದ ಮನೆಗಳೂ ಪಾತ್ರೆ ಕೊಡುವುದನ್ನು ಒಂದೊಂದಾಗಿ ನಿಲ್ಲಿಸಿದವು.

ಈಗ ಆ ಬಟ್ಟಲು ತುಂಬಿಕೊಂಡು ನಿಶಿಗೋರಿ ಮನೆ ಹೊಕ್ಕಿದೆ! ಸಭೆಗೆ ಎರಡು ಗಂಟೆ ಬಾಕಿ. ಯೋಹೇಯ್ ಮೆಟ್ಟಿಲನ್ನು ಎರಡೆರಡಾಗಿ ಇಳಿದ.

ನಿಶಿಗೋರಿಯಮ್ಮ ಜಗಲಿಯಲ್ಲಿ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಒಂದು ದೋಸೆಯನ್ನೂ ಮುಟ್ಟಿರಲಿಲ್ಲ.

“ಇದು ಮೇಲಿನ ಮನೆ ಬಟ್ಟಲು ಅಲ್ವಾ?” ಅಂದಳು. ಆ ದನಿಯಲ್ಲಿ ಯಾವಾಗಿನ ಕೊಂಕು ಇರಲಿಲ್ಲ.

“ಹೌದು. ಅದೂ ಏನಂದ್ರೆ...”

“ಅವರೇ ನಿಮ್ಮ ಹುಡುಗಿ ಕೈಲಿ ಕಳ್ಸಿದ್ರಾ?”

ಹೇಳಿಬಿಡಬೇಕು ಎಂದುಕೊಂಡೇ ಅವನು ಬಂದಿದ್ದ. ಆದರೆ ಅವಳ ಹೆಬ್ಬೆರಳು ಬಟ್ಟಲಿನ ಅಂಚನ್ನು ಮೆಲ್ಲಗೆ ಸವರುತ್ತಿತ್ತು. ಎಪ್ಪತ್ತು ದಾಟಿದ ಹೆಂಗಸು, ಶಾಲೆಯ ಹುಡುಗಿ ಕಾಗದ ಹಿಡಿದುಕೊಂಡ ಹಾಗೆ ಹಿಡಿದುಕೊಂಡಿದ್ದಳು. ಅವನಿಗೆ ಸಂಕಟವಾಯಿತು. “ಬಟ್ಟಲು ಅವರದ್ದೇ,” ಅಂದ. ಸುಳ್ಳಲ್ಲ. ನಿಜ ಎನ್ನಲೂ ನಾಚಿಕೆಯಾಯಿತು.

“ಖಾಲಿ ಕಳ್ಸಿದ್ದೆ ನಾನು,” ಅಂದಳು ನಿಶಿಗೋರಿಯಮ್ಮ, ಯಾರಿಗೋ ಅನ್ನುವಂತೆ. “ಒಂಬತ್ತು ವರ್ಷ ಅದನ್ನ ಹಾಗೇ ಇಟ್ಕೊಂಡಿದ್ರಲ್ಲ. ಒಡೆದೂ ಹಾಕ್ಲಿಲ್ಲ.”

ಆಮೇಲೆ ಅವಳು ಎದ್ದು ಒಳಗೆ ಹೋದಳು. ಆ ಜಗಳದ ಮರದ್ದೇ ಕಾಕಿ ಹಣ್ಣು, ಚಳಿಗಾಲದಲ್ಲಿ ಸುಲಿದು ಒಣಗಿಸಿದ್ದನ್ನು ತಂದಳು. ಬಟ್ಟಲು ತುಂಬ ಜೋಡಿಸಿಕೊಂಡು, ಒಂಬತ್ತು ವರ್ಷದಿಂದ ತುಳಿಯದ ಮೆಟ್ಟಿಲುಗಳನ್ನು ಹತ್ತಿದಳು. ಮೇಲಿನ ಬಾಗಿಲು ತೆರೆದ ಸದ್ದು ಕೇಳಿಸಿತು. ಬಹಳ ಹೊತ್ತು ಮುಚ್ಚಿದ ಸದ್ದು ಕೇಳಲಿಲ್ಲ. ಯೋಹೇಯ್ ಓಣಿಯ ನಡುವೆ ಬೆಕ್ಕೊಂದರ ಪಕ್ಕ ಕೂತು, ಸತ್ಯ ಗೊತ್ತಾದ ದಿನ ಈ ಇಬ್ಬರೂ ಸೇರಿ ತನ್ನನ್ನು ಸಮುದ್ರಕ್ಕೆ ಎಸೆಯುತ್ತಾರೆ ಎಂದು ಲೆಕ್ಕ ಹಾಕಿದ.

ನಾಲ್ಕಕ್ಕೆ ಸಭೆ. ಇಬ್ಬರೂ ಹೆಂಗಸರು ಅಕ್ಕಪಕ್ಕ ಮಂಡಿಯೂರಿ ಕೂತಿದ್ದನ್ನು ಕಂಡು ಮಿಯಾಜಿ ತಾತ ಚಹಾವನ್ನು ಲೋಟದ ಹೊರಗೆ ಸುರಿದ. ಕಶಿಹಾರಾ ಅಜ್ಜಿ ಎಂಬತ್ತಮೂರರಲ್ಲಿ ಹೊಸ ಉಣ್ಣೆಯಂಗಿ ಹಾಕಿಕೊಂಡು ಬಂದಿದ್ದಳು. ತಾತನ ತಟ್ಟೆಯಲ್ಲಿ ಸಿಹಿ ಬಂದದ್ದಕ್ಕೆ ಅವಳು ಏನು ಅರ್ಥ ಮಾಡಿಕೊಂಡಳೋ, ಅವನತ್ತ ಒಮ್ಮೆ ನೋಡಿ, “ಈ ವಯಸ್ಸಲ್ಲಿ!” ಎಂದು ಗೊಣಗಿ ತಲೆ ತಗ್ಗಿಸಿದಳು.

“ಮೊದಲ್ನೇದು, ಯೋಹೇಯ್ ಮನೆ ಅತಿಥಿಗಳ ವಿಷಯ,” ಅಂದ ತಾತ.

ನಿಶಿಗೋರಿಯಮ್ಮ ದಪ್ಪನೆಯ ನೋಟುಬುಕ್ಕೊಂದನ್ನು ಮುಂದಿಟ್ಟಳು. ಒಂದು ವರ್ಷದ ದೂರುಗಳು, ತಾರೀಖಿನ ಸಮೇತ. ಯೋಹೇಯ್ ಕಣ್ಣು ಮುಚ್ಚಿದ.

“ಆ ಮಕ್ಕಳು ಬರ್ಲಿ,” ಅಂದಳು ಅವಳು.

“ಹೂಂ,” ಅಂದಳು ಕಶಿಹಾರಾ ಅಜ್ಜಿ.

ಹೂಂ, ಹೂಂ, ಹೂಂ ಎಂದು ಕೋಣೆಯೆಲ್ಲ ಅಂದಿತು. ಯೋಹೇಯ್ ಹಣೆಯನ್ನು ಚಾಪೆಗೆ ಹಚ್ಚಿದ. ಒಸಾಕಾದಲ್ಲಿ ಸಾವಿರ ಸಲ ಬಗ್ಗಿದ್ದ. ಮನಸ್ಸಿಟ್ಟು ಬಗ್ಗಿದ್ದು ಇದೇ ಮೊದಲು. ಕಣ್ಣಲ್ಲಿ ನೀರಿತ್ತು. ಆಗಲೇ ಎದ್ದು ಮನೆಗೆ ಓಡಿದ್ದರೆ ಬಚಾವಾಗುತ್ತಿದ್ದ.

ಮಿಯಾಜಿ ತಾತ ಹನ್ನೊಂದು ವರ್ಷ ಕಾದವನು. ಗಾಳಿ ಬಂದಾಗ ತೂರಿಕೋ ಎನ್ನುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. “ಎರಡನೇದು!” ಎಂದ, ಮಂಡಿನೋವು ಮರೆತು. “ಹೊಸ ಅಧ್ಯಕ್ಷರು!”

“ಯೋಹೇಯ್,” ಅಂದಳು ಕಶಿಹಾರಾ ಅಜ್ಜಿ.

“ನನ್ನ ಬಾಯಲ್ಲೂ ಅದೇ ಇತ್ತು ನೋಡಿ,” ಅಂದಳು ನಿಶಿಗೋರಿಯಮ್ಮ. “ಗಟ್ಟಿ ಮಂಡಿ. ಮೂವತ್ನಾಲ್ಕು ವಯಸ್ಸು.”

“ಇಲ್ಲ ಇಲ್ಲ!” ಯೋಹೇಯ್ ತಲೆಯನ್ನು ಹೆಗಲಿಗೆ ತಾಗುವಷ್ಟು ಓರೆ ಮಾಡಿದ. “ಒಬ್ರು ಓರೆ ಮಾಡಿದ್ರೂ ಆಗಲ್ಲ ಅಲ್ವಾ? ನೋಡಿ, ನಾನು ಮಾಡಿದೀನಿ!”

ನಿಶಿಗೋರಿಯಮ್ಮ ನೋಟುಬುಕ್ಕಿನ ಮೇಲೆ ಕೈಯಿಟ್ಟಳು. “ಹಾಗಾದ್ರೆ ಮೊದಲ್ನೇ ವಿಷಯಾನೂ ಇನ್ನೊಂದ್ಸಲ ನೋಡೋಣ್ವಾ ಯೋಹೇಯ್ ಅವರೇ?”

ತಲೆ ನಿಧಾನವಾಗಿ ನೆಟ್ಟಗಾಯಿತು.

“ಒಳ್ಳೇದು. ಅತಿಥಿಗಳ ಮೇಲಿನ ದೂರು ಅಧ್ಯಕ್ಷರೇ ವಿಚಾರಿಸ್ಬೇಕು,” ಎಂದು ಅವಳು ನೋಟುಬುಕ್ಕನ್ನು ಅವನ ಕಡೆಗೇ ಸರಿಸಿದಳು.

ಇಬ್ಬರೂ ಹೆಂಗಸರು ಎದ್ದು ಹೋದ ಮೇಲೆ ಮಿಯಾಜಿ ತಾತ ಬೆನ್ನ ಹಿಂದಿನಿಂದ ಬಿದಿರುಬುಟ್ಟಿಯನ್ನು ತೆಗೆದ. ಬಟ್ಟೆ ಮುಚ್ಚಿತ್ತು. “ಇದು ನಿಶಿಗೋರಿಯಮ್ಮನ ಬುಟ್ಟಿ, ನನಗ್ಯಾಕೆ ಬಂತೋ. ತಂದುಕೊಟ್ಟೋರು ನೀವು, ನೀವೇ ತಲುಪಿಸಿ. ಬರಿದಾಗಿ ಕೊಡಬಾರದಂತಲ್ಲಪ್ಪಾ? ನಿಮ್ಮ ಹುಡುಗಿ ಹಾಳೆ ತೋರಿಸಿದ್ಲು.” ಒಳಗೆ ಸಂಘದ ಮುದ್ರೆ, ಕಸದ ಕಟ್ಟೆಯ ಬೀಗದಕೈ, ಚಳಿಗಾಲದ ಸಂಜೆ ಬೆಂಕಿಯ ಎಚ್ಚರಿಕೆಗೆ ಬಡಿಯುತ್ತ ಸುತ್ತುವ ಮರದ ಜೋಡಿ ತುಂಡು. ತಾತ ಮೆಟ್ಟಿಲಿಳಿದು ಹೋಗುವಾಗ ಏನೋ ಗುನುಗುತ್ತಿದ್ದ.

ಯೋಹೇಯ್ ಬುಟ್ಟಿ ಹೊತ್ತು ಮನೆಗೆ ಬಂದು, ಬ್ರೈಡಿಯನ್ನು ಮೂಲೆಗೆ ಕರೆದ.

“ಕೈಮುಗಿದು ಕೇಳ್ಕೊತೀನಿ. ಬಟ್ಟಲು ಅದಲುಬದಲಾದ ವಿಷಯ ಯಾವ ಕಾರಣಕ್ಕೂ ಬಾಯಿ ಬಿಡ್ಬೇಡ. ಆ ಇಬ್ರೂ ಮತ್ತೆ ಮಾತು ಬಿಟ್ರೆ ನನಗೂ ಹನ್ನೊಂದು ವರ್ಷ ಗ್ಯಾರಂಟಿ.”

“ನೀವು ಸಭೆಗೆ ಬಟ್ಟೆ ಬದಲಾಯಿಸ್ತಿದ್ದಾಗ್ಲೇ ಹೇಳಿ ಬಂದ್ವಲ್ಲ,” ಅಂದಳು ಬ್ರೈಡಿ. “ಇಬ್ರ ಮನೆಗೂ ಹೋಗಿ ಬಟ್ಟಲಿನ ವಿಷಯ ಫೋನಲ್ಲಿ ಬರೆದು ತೋರಿಸಿದ್ವಿ, ತಟ್ಟೆ ವಿಷಯ ಮರ್ತೇ ಹೋಯ್ತು. ತಪ್ಪಾದ್ರೆ ಕೂಡ್ಲೇ ಕ್ಷಮೆ ಕೇಳ್ಬೇಕು. ಹತ್ತನೇ ನಿಯಮ.”

ಯೋಹೇಯ್ ಬುಟ್ಟಿಯನ್ನು ನೆಲಕ್ಕಿಟ್ಟ. “ಏನಂದ್ರು?”

“ಇಬ್ರೂ ಇನ್ನೊಬ್ರ ಬಗ್ಗೆ ಒಂದೇ ಮಾತು. ‘ಅವರಿಗೆ ಹೇಳ್ಬೇಡ ಕಣಮ್ಮಾ, ಪಾಪ, ಖುಷಿಯಾಗಿದಾರೆ.’”

ಅವನು ಕಿಟಕಿಯಾಚೆ ನೋಡಿದ. ಮೇಲಿನ ಜಗಲಿಯಲ್ಲಿ ಇಬ್ಬರು ಹೆಂಗಸರು ನೀಲಿ ಬಟ್ಟಲನ್ನು ನಡುವೆ ಇಟ್ಟುಕೊಂಡು, ಕಡಿದ ಕೊಂಬೆಯ ಜಾಗದಲ್ಲಿ ಕಾಣುವ ಸಮುದ್ರವನ್ನು ನೋಡುತ್ತ ಕಾಕಿ ಹಣ್ಣು ತಿನ್ನುತ್ತಿದ್ದರು. ಎಲ್ಲ ಗೊತ್ತಿದ್ದೂ ತನ್ನನ್ನೇ ಅಧ್ಯಕ್ಷ ಮಾಡಿದ್ದಾರೆ, ‘ಬಟ್ಟಲು ಅವರದ್ದೇ’ ಅಂದದ್ದಕ್ಕೆ ಇದು ಉತ್ತರ ಎಂದು ಅವನಿಗೆ ಆಗ ಹೊಳೆಯಿತು. ಕೋಪ ಮಾಡಿಕೊಳ್ಳಲು ನೋಡಿದ; ಬರಲಿಲ್ಲ.

ಬ್ರೈಡಿ ಬುಟ್ಟಿಯ ಬಟ್ಟೆ ಸರಿಸಿ ಇಣುಕಿದಳು. “ಅರೆ, ಇದೂ ಖಾಲಿ ಇಲ್ಲ! ಇದಕ್ಕೆ ವಾಪಸ್ ಏನು ಕೊಡ್ಬೇಕಾಗುತ್ತೆ?”

“ಎರಡು ವರ್ಷ,” ಅಂದ ಯೋಹೇಯ್.