ಮಾಮಾ, ತಗಡು ಮತ್ತು ಉಲ್ಟಾ ಕಿಂಡಿಗಳು

ನಮ್ಮ ಸೋದರಮಾವನಿಗೆ ಮಾಮಿಗಿಂತ ತಗಡಿನ ಮೇಲೇ ಪ್ರೀತಿ ಹೆಚ್ಚು! ಇದು ನಾನು ಹೊರಿಸುವ ಆರೋಪವಲ್ಲ, ಮಾಮಿಯೇ ಊರೆಲ್ಲ ಹೇಳಿಕೊಂಡು ತಿರುಗುವ ಮಾತು. ಐನಾಪುರದಲ್ಲಿ ಮಾಮಾನದೊಂದು ತಗಡಿನ ವರ್ಕ್‌ಶಾಪ್. ಯಾರ ಮನೆಗೆ ಹೋದರೂ ಮೊದಲು ಅಲ್ಲಿನ ತಗಡಿನ ತಿಜೋರಿ ಬಡಿದು ನೋಡಬೇಕು, ಆಮೇಲೆ ಮನೆಯವರ ಯೋಗಕ್ಷೇಮ. ಅಕ್ಕನಿಗೆ ವರ ನೋಡಲು ಅಥಣಿಗೆ ಹೋದಾಗಲೂ ಅಷ್ಟೇ. "ಇಪ್ಪತ್ನಾಕು ಗೇಜ್ ರೀ, ಭಾಳ ತೆಳು! ಯಾರ್ರಿ ನಿಮಗ ಟೋಪಿ ಹಾಕಿದಾವ್ರು?" ಎಂದುಬಿಟ್ಟ. ಚಹಾದ ಜೊತೆ ಬಿಸ್ಕಿಟ್ ಬರಲೇ ಇಲ್ಲ!

ಇಂಥವನು ೨೦೧೦ರ ಸುಮಾರಿಗೆ ಕಂಪ್ಯೂಟರ್ ತಂದ. ಚಿಕ್ಕೋಡಿಯಲ್ಲಿ ಡಿಪ್ಲೊಮಾ ಮುಗಿಸಿದ್ದ ನನ್ನನ್ನು ಅದರ ಮುಂದೆ ಕೂರಿಸಿದ. ಮಗಳು ವರ್ಕ್‌ಶಾಪಿನಲ್ಲಿ ಕೂರುವುದು ಅಪ್ಪನಿಗೆ ಸುತರಾಂ ಇಷ್ಟವಿರಲಿಲ್ಲ, ಮಾಮಾನಿಗೆ ಹೇಳಿಯೇಬಿಟ್ಟ.

"ಮೊದಲನೇ ಕೆಲಸ ನೆಟ್ಟಗಾದ್ರ ಇರಲಿ. ಇಲ್ಲಂದ್ರ ಮನಿಗೆ ಕರ್ಕೊಂಡ ಹೋಗಿ ಲಗ್ನಾ ಮಾಡ್ತೀನಿ!"

ಮೊದಲನೇ ಕೆಲಸ, ಒಂದು ಸಕ್ಕರೆ ಕಾರ್ಖಾನೆಗೆ ಬಯಲಲ್ಲಿ ನಿಲ್ಲುವ ಸ್ವಿಚ್ ಪೆಟ್ಟಿಗೆ. ಗಾಳಿಯಾಡಲು ಅದರ ಮೈಗೆ, ತಗಡನ್ನೇ ಸೀಳಿ ರೆಪ್ಪೆಯಂತೆ ಉಬ್ಬಿಸಿದ ಸಾಲು ಕಿಂಡಿಗಳು. ಪರದೆಯ ಮೇಲೆ ತಗಡು ಬರೆದು, ಕಿಂಡಿಯ ಅಚ್ಚನ್ನು ಮೌಸಿನಿಂದ ಎಳೆದು ತಂದು ಅದರ ಮೇಲೆ ಬಿಟ್ಟರೆ ಕಿಂಡಿ ಮೂಡಬೇಕು. ಮೂಡಿತೇ? ಎಲ್ಲಿಯದು! ಬಿಟ್ಟಾಗೆಲ್ಲ ಕೆಂಪು ಅಕ್ಷರದ ಬೈಗುಳ.

"ಅದಕ್ಕ ಕನ್ನಡ ತಿಳಿವಲ್ದೇನೋ, ಮರಾಠಿಯೊಳಗ ಹೇಳಿ ನೋಡು," ಎಂದ ಮಾಮಾ. ಆಮೇಲೆ ಕನ್ನಡಕ ಏರಿಸಿ ಕೇಳಿದ, "ತಗಡ ಎಷ್ಟ ದಪ್ಪ ಇಟ್ಟಿ?"

"ಎರಡು ಮಿಲಿಮೀಟರ್."

"ಅಚ್ಚಿನ ಅಂಚು ಎಷ್ಟ ಗುಂಡಗ ಇಟ್ಟಿ?"

"ಒಂದೇ ಮಿಲಿಮೀಟರ್."

ಮಾಮಾ ಹಣೆ ಬಡಿದುಕೊಂಡ. "ಇಂಥಾ ಚೂಪ ಅಂಚಿಗೆ ಅಷ್ಟ ದಪ್ಪ ತಗಡ ಬಗ್ಗತೈತೇನವ್ವಿ? ಹರೀತೈತಿ! ಮೂರ ಮಾಡು."

ಮೂರು ಮಾಡಿದೆ. ಕಿಂಡಿ ಟಕ್ಕನೆ ಮೂಡಿತು! ಅಂದಿನಿಂದ ಕಂಪ್ಯೂಟರಿಗೆ ಬಹುವಚನ. "ಭಾಳ ಶಾಣ್ಯಾ ಅದಾರ ಅವರು, ತಗಡಿನ ಸಂಕಟ ತಿಳೀತೈತಿ ಅವರಿಗೆ!" ಮಾಮಿಗೆ ಇವತ್ತಿಗೂ ಏಕವಚನವೇ. ಕಂಪ್ಯೂಟರಿನ ಮೇಲಿನ ಆ ಭಕ್ತಿಯಲ್ಲಿ ಮಾಮಾ ನನ್ನ ನಕಾಶೆಯಂತೆ ಮರುಮಾತಿಲ್ಲದೆ ತಗಡು ಒತ್ತಿ ಪೆಟ್ಟಿಗೆ ಮಾಡಿಟ್ಟ.

ಕಾರ್ಖಾನೆಯ ಇಂಜಿನಿಯರ್ ಬಂದರು. ತೀರ್ಪು ನೋಡಲು ಅಪ್ಪನೂ ಬಂದು ನಿಂತ. ಇಂಜಿನಿಯರ್ ಪೆಟ್ಟಿಗೆಯ ಮೇಲೆ ಒಂದು ತಂಬಿಗೆ ನೀರು ಸುರಿದರು. ಅಯ್ಯೋ ದೇವರೇ, ನೀರು ಸೀದಾ ಒಳಗೆ! ಕೆಳಕ್ಕೆ ತೆರೆದಿರಬೇಕಾದ ಕಿಂಡಿಗಳ ಬಾಯಿ ಮೇಲಕ್ಕೆ ತೆರೆದಿತ್ತು. ಅಚ್ಚು ಬಿಡುವಾಗ ತಿರುವಬೇಕಿತ್ತು, ಕಿಂಡಿ ಮೂಡಿದ ಖುಷಿಯಲ್ಲಿ ನಾನು ಮರೆತಿದ್ದೆ.

"ಇದನ್ನ ಬರದಾವ್ರು ಯಾರ್ರಿ?"

ಅಪ್ಪ ನನ್ನತ್ತ ನೋಡಿದ. ಮಾಮಾ ನಕಾಶೆಯನ್ನು ಮಡಚಿ ಅಂಗಿಯ ಜೇಬಿಗೆ ತುರುಕಿದ.

"ಬರದದ್ದು ಬರೋಬ್ಬರಿ ಐತ್ರಿ ಸಾಹೇಬ್ರ. ನಾನ ತಗಡ ಉಲ್ಟಾ ಹಾಕಿ ಒತ್ತೀನ್ರಿ. ನಾಳೆ ಹೊಸಾದು ಕೊಡ್ತೀನಿ."

ಮೂವತ್ತು ವರ್ಷದಲ್ಲಿ ಒಂದು ತಗಡನ್ನೂ ಉಲ್ಟಾ ಹಾಕದ ಮನುಷ್ಯ! ಇಂಜಿನಿಯರೂ ಅಪ್ಪನೂ ಹೋದ ಮೇಲೆ ನಾನು ಅಳುತ್ತ, "ಮಾಮಾ, ತಪ್ಪು ನಂದ ಐತಿ," ಅಂದೆ.

"ಗೊತ್ತೈತಿ. ನನ್ನ ತಪ್ಪಂದ್ರ ಒಂದ ತಗಡ ಹೋಗ್ತೈತಿ. ನಿನ್ನ ತಪ್ಪಂದ್ರ ನಿಮ್ಮಪ್ಪ ನಿನ್ನ ಕರ್ಕೊಂಡ ಹೋಗ್ತಾನ. ಕೂಡು, ತಿರುವು ಅದನ್ನ."

ಕಣ್ಣು ಒರೆಸಿಕೊಂಡು ತಿರುವಿದೆ. ಆ ಕುರ್ಚಿಯಿಂದ ನನ್ನನ್ನು ಇವತ್ತಿನವರೆಗೂ ಯಾರೂ ಏಳಿಸಿಲ್ಲ.