ಚಿತ್ರದ ಕೆಳಗಿನ ಎರಡು ಹೆಸರು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು. ಆಲೂರಿನ ಶಾಲೆಯಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತನಾದವನಿಗೆ ಅದಲ್ಲದೆ ಬೇರೇನು ಉಳಿದಿರುತ್ತದೆ? ಆದರೆ ಈ ಸಲದ ಕೋಪ ನ್ಯಾಯವಾದದ್ದು, ನೀವೇ ಕೇಳಿ.

ಹೆತ್ತೂರಿನ ಕಡೆ ಎಸ್ಟೇಟ್ ಬಂಗಲೆಯೊಂದು ರಿಪೇರಿಯಾಗುವಾಗ ಅಲ್ಲಿನ ಸಾಹುಕಾರರು ನನಗೊಂದು ಹಳೆಯ ಚಿತ್ರ ಕೊಟ್ಟರು. ನಾನೂರು ವರ್ಷಗಳ ಹಿಂದೆ ಯುರೋಪಿನಲ್ಲಿ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚೊತ್ತಿದ್ದು. ಬೈಬಲಿನ ಆದಾಮ, ಹವ್ವ, ಹಣ್ಣು, ಹಾವು. ಒಬ್ಬ ಬರೆದದ್ದನ್ನು ನೋಡಿ ಇನ್ನೊಬ್ಬ ಕೊರೆದದ್ದು. ಹಾಗೆ ಕೊರೆದರೆ ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ. ಹವ್ವ ಎಡಗೈಯಲ್ಲಿ ಹಣ್ಣು ಕೊಡುತ್ತಿದ್ದಳು. "ಎಡಗೈಲಿ ಕೊಟ್ಟಿದ್ದನ್ನ ಈಸ್ಕೊಂಡ್ನಲ್ಲ, ಇನ್ನೇನಾಯ್ತದೆ" ಎಂದಳು ನನ್ನ ಹೆಂಡತಿ. ನನಗೆ ಇಷ್ಟವಾದದ್ದು ಕೆಳಗಿನ ಅಂಚು. ಅಲ್ಲಿ ಲ್ಯಾಟಿನ್ನಿನಲ್ಲಿ ಎರಡು ಹೆಸರು: ಇಂಥವನು ರಚಿಸಿದ, ಇಂಥವನು ಕೊರೆದ. ನಕಲು ಮಾಡಿದವನು ಮೊದಲಿನವನನ್ನು ಮುಚ್ಚಿಟ್ಟಿರಲಿಲ್ಲ, ಮರ್ಯಾದಸ್ಥ. ಕಟ್ಟು ಹಾಕಿಸಿದ ಮೇಲೆ ಭೂತಗನ್ನಡಿ ಹಿಡಿದು ಆ ಸಣ್ಣ ಅಕ್ಷರದ ಹೆಸರುಗಳನ್ನು ಸರಿಯಾಗಿ ಓದಿದರಾಯಿತು ಎಂದುಕೊಂಡು, ಸಕಲೇಶಪುರದಲ್ಲಿ ಫ್ರೇಮ್ ಅಂಗಡಿ ಇಟ್ಟಿರುವ ನನ್ನ ಹಳೆಯ ಶಿಷ್ಯ ಬಸವರಾಜುವಿಗೆ ಕೊಟ್ಟೆ.

ವಾರ ಬಿಟ್ಟು ಹೋದರೆ ಚಿತ್ರ ಚಿನ್ನದ ಬಣ್ಣದ ಕಟ್ಟಿನೊಳಗೆ ಕೂತಿದೆ, ಕೆಳಗಿನ ಅಂಚೇ ಇಲ್ಲ.

"ಕತ್ತರಿಸ್ಬುಟ್ಟೆ ಸಾರ್. ಫೋಟೋ ಕೆಳಗೆ ಹೆಸ್ರಿದ್ರೆ ತೀರ್ಕೊಂಡವ್ರು ಅಂತಾರೆ ಜನ. ಹಾರ ಹಾಕ್ಬೇಕಾಯ್ತದೆ" ಎಂದ.

"ಆ ಚೂರು ಎಲ್ಲಯ್ಯಾ?"

"ಕಸದ ಜೊತೆ ಹೋಗ್ಬುಟ್ಟೈತೆ."

ಮೈಯೆಲ್ಲ ಉರಿದುಹೋಯಿತು. ಸಮುದ್ರ, ಮಳೆ, ಗೆದ್ದಲು ಎಲ್ಲ ದಾಟಿ ಬಂದ ಹೆಸರುಗಳು ಇವನ ಕತ್ತರಿ ದಾಟಲಿಲ್ಲ. ಇನ್ನು ಯಾರನ್ನು ಕೇಳಿದರೂ ಅವು ಸಿಗುವುದಿಲ್ಲ. "ಅವರು ನಿಜವಾಗಿ ಸತ್ತದ್ದು ಈಗ ಕಣೋ, ನಿನ್ನ ಅಂಗಡಿಯಲ್ಲಿ. ಇನ್ನೊಬ್ಬರ ಹೆಸರು ತೆಗೆಯೋಕೆ ನೀನ್ಯಾರು?" ಎಂದು ಕೂಗಾಡಿದೆ. ಪಕ್ಕದ ಬೇಕರಿಯವರು ಹೊರಗೆ ಬಂದು ನಿಂತರು.

ಅವನು ಗಾಜು ಒರೆಸುತ್ತಲೇ ಕೇಳಿದ: "ನಿಮ್ಮ ಹೆಸ್ರು ಬರೀಲಾ ಸಾರ್? ಶಾಲೆ ಗೋಡೆ ಮೇಲೆ ಸರಸ್ವತಿ ಕೆಳಗೆ ಬರ್ಕೊಂಡಿದ್ದೀರಲ್ಲ, ಹಂಗೆ. ಅದು ನಮ್ಮಪ್ಪ ಕೊಟ್ಟ ಕ್ಯಾಲೆಂಡರಿಂದು ಅಲ್ವಾ?"

ಚಿತ್ರ ಎತ್ತಿಕೊಂಡು ಆಲೂರಿನ ಬಸ್ಸು ಹತ್ತಿದೆ. ಪಾಳ್ಯ ದಾಟಿದರೂ ಕೋಪ ಇಳಿಯಲಿಲ್ಲ, ಯಾರ ಮೇಲೆ ಎಂಬುದಷ್ಟೇ ಬದಲಾಯಿತು. ಆ ಕ್ಯಾಲೆಂಡರಿನ ಕೆಳಗೂ ಚಿಕ್ಕ ಅಕ್ಷರದಲ್ಲಿ ಒಬ್ಬ ಕಲಾವಿದನ ಹೆಸರಿತ್ತು. ಮಕ್ಕಳ ಕಣ್ಣಿಗೆ ಬೀಳದಿರಲೆಂದು ಅದನ್ನು ಹಿಂದಕ್ಕೆ ಮಡಚಿಟ್ಟುಕೊಂಡೇ ನಾನು ನಕಲು ಮಾಡಿದ್ದೆ. ಅವನ ಹೆಸರೇನೆಂದು ಈಗ ಎಷ್ಟು ತಿಣುಕಿದರೂ ನೆನಪಾಗುತ್ತಿಲ್ಲ. ನನ್ನದು ಮಾತ್ರ ಆಯಿಲ್ ಪೇಂಟಿನಲ್ಲಿ ಗೋಡೆಯ ಮೇಲೆ ಗಟ್ಟಿಯಾಗಿ ಕೂತಿದೆ. ಹಾರ ಹಾಕುವುದೊಂದು ಬಾಕಿ.